ಮೊದಲ ವಿಮಾನದ ಪ್ರವಾಸಿ

ಸೊಂಟ ನೋವಿಲ್ಲದಿದ್ದರೆ ಆ ಲಿಫ್ಟ್ ಮೆಕ್ಯಾನಿಕ್ ವಿಮಾನ ಹತ್ತುತ್ತಲೇ ಇರಲಿಲ್ಲ. ಮೂವತ್ತೈದು ವರ್ಷ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು, ಬಾವಿಯಂಥ ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಗ್ರೀಸು ಮೆತ್ತಿದವನ ಸೊಂಟ ಅರವತ್ತಮೂರಕ್ಕೆಲ್ಲ ಕೈಕೊಟ್ಟಿತ್ತು. ತಂಗಿಯ ಊರಿಗೆ ಬಸ್ಸಿನಲ್ಲಿ ಹದಿನೆಂಟು ಗಂಟೆ. "ಹತ್ತೋದು ನೀವೇ ಹತ್ತುತ್ತೀರಿ, ಇಳಿಸೋಕೆ ನಾಲ್ಕು ಜನ ಬೇಕಾಗ್ತಾರೆ" ಎಂದು ಡಾಕ್ಟರು ಹೆದರಿಸಿದ್ದರು. ಅಷ್ಟರಲ್ಲಿ ಸರ್ಕಾರ ಆ ಊರಿಗೆ ವಿಮಾನ ಬಿಟ್ಟಿತು. ಜಲಪಾತ, ದೊಡ್ಡ ಕೆರೆ, ಹಳೇ ಕೋಟೆ ಎಲ್ಲ ಇದ್ದೂ ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ದಾರಿ ಹತ್ತಿರವಾದರೆ ಪ್ರವಾಸಿಗರು ನುಗ್ಗಿ ಬರುತ್ತಾರೆ ಎಂಬುದು ಸರ್ಕಾರದ ನಂಬಿಕೆ. ಮೊದಲ ವಾರ ಟಿಕೆಟ್ ಅರ್ಧ ಬೆಲೆಗೆ. ಪ್ರಯಾಣ ಒಂದು ಗಂಟೆ ಹತ್ತು ನಿಮಿಷ.

ತಂಗಿಗೆ ಐವತ್ತಾರು. ಚೋಟುದ್ದ ಇದ್ದಾಗಲೇ ಅಪ್ಪ ತೀರಿಹೋಗಿ ಅಣ್ಣನ ಹೆಗಲ ಮೇಲೆ ಬೆಳೆದವಳು; ಅವನ ಬಾಯಲ್ಲಿ ಇವತ್ತಿಗೂ ಅವಳು ‘ಚೋಟು’ವೇ. ಮದುವೆಯಾಗಿ ಆ ಊರು ಸೇರಿ ಇಪ್ಪತ್ತಾರು ವರ್ಷ, ಗಂಡ ಹೋಗಿ ಒಂಬತ್ತು ವರ್ಷ. ಮಕ್ಕಳಿರಲಿಲ್ಲ. ಶಿಶುವಿಹಾರದಲ್ಲಿ ಟೀಚರಾಗಿದ್ದಳು. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಫೋನ್ ಮಾಡಿ, "ಅಣ್ಣ, ಶಾಲೆ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟಿದಾರಲ್ಲ, ಅವರೂ ನಾನೂ ಮದುವೆ ಆಗೋಣ ಅಂತಿದೀವಿ" ಎಂದಿದ್ದಳು. ಮೆಕ್ಯಾನಿಕ್ಕನ ಬಾಯಿಂದ ಹಿಂದೆಮುಂದೆ ನೋಡದೆ ಮಾತು ಬಿತ್ತು: "ಈ ವಯಸ್ಸಲ್ಲಿ ನಿನಗೇನು ಬಂತೇ ರೋಗ?"

ಫೋನ್ ಕಟ್ಟಾಯಿತು. ಅಲ್ಲಿಂದಾಚೆ ಅಣ್ಣತಂಗಿಯರ ನಡುವೆ ಮಾತಿಲ್ಲ. ಎಂಟು ದಿನದ ಹಿಂದೆ ಅವಳಿಂದ ಒಂದು ಮೆಸೇಜ್ ಬಂತು: "ಶುಕ್ರವಾರ ಹನ್ನೊಂದು ಗಂಟೆ, ನೋಂದಣಿ ಕಚೇರಿ. ಸಾಕ್ಷಿಗೆ ಮೂರು ಜನ ಬೇಕು, ಇಬ್ಬರಿದ್ದಾರೆ. ಬಂದರೆ ಬಾ."

ಮೆಕ್ಯಾನಿಕ್ ಅದಕ್ಕೆ ಉತ್ತರ ಕೊಡಲಿಲ್ಲ. ಓದಿದ, ಇಟ್ಟ, ಮತ್ತೆ ತೆಗೆದು ಓದಿದ. ನಾಲ್ಕು ದಿನ ಅವನ ಚಡಪಡಿಕೆ ನೋಡಿ ಹೆಂಡತಿಗೇ ಸಾಕಾಯಿತು. "ಸುಮ್ಮನೆ ಹೋಗಿ, ಬಾಯಿ ಮುಚ್ಕೊಂಡು ಒಂದು ಸಹಿ ಹಾಕಿ ಬನ್ನಿ. ಸೊಂಟ ಹಿಡಿದಿದೆ, ಕೈಯಲ್ಲ" ಎಂದಳು. ಅವನು ಟಿಕೆಟ್ ತೆಗೆಸಿದ. ಆದರೆ ಸಹಿ ಹಾಕಲು ಹೋಗುತ್ತಿದ್ದೇನೋ, ಎದುರಿಗೇ ನಿಂತು ಜಗಳ ಆಡಲು ಹೋಗುತ್ತಿದ್ದೇನೋ ಎಂಬುದು ವಿಮಾನದ ಬಾಗಿಲು ಹಾಕಿದರೂ ಅವನಿಗೆ ತಿಳಿದಿರಲಿಲ್ಲ.

ಅದು ಆ ಊರಿಗೆ ಹಾರಿದ ಮೊಟ್ಟಮೊದಲ ವಿಮಾನ. ಒಳಗೆ ನೋಡಿದರೆ ಬರೀ ಕೋಟು, ಟೈ, ಕ್ಯಾಮೆರಾ. ಮಂತ್ರಿಗಳು ಮುಂದಿನ ಸಾಲಿನಲ್ಲಿ, ಅಧಿಕಾರಿಗಳು ಅವರ ಹಿಂದೆ, ಪತ್ರಕರ್ತರು ಅಧಿಕಾರಿಗಳ ಹಿಂದೆ. ಮೆಕ್ಯಾನಿಕ್ ಕೊನೆಯ ಸಾಲಲ್ಲಿ ಕೂತು, ಬೆಲ್ಟು ಬಿಚ್ಚುವುದು ಬಿಗಿಯುವುದು ಮಾಡುತ್ತಾ, ಕಿಟಕಿಯಲ್ಲಿ ಮೋಡ ನೋಡುತ್ತಾ, ಆಡಬೇಕಾದ ಮೊದಲ ಮಾತನ್ನು ಬಾಯೊಳಗೇ ಹೊರಳಿಸಿದ. ‘ಏನೇ, ಚೆನ್ನಾಗಿದೀಯಾ?’ ಅದು ತೀರಾ ಸಪ್ಪೆ. ‘ಅಂತೂ ಬಂದೆ ನೋಡು.’ ಅದರಲ್ಲಿ ಜಂಬ. ಇನ್ನೂ ಒಂದೂ ಮಾತು ಕೂಡಿ ಬಂದಿರಲಿಲ್ಲ, ಚಕ್ರ ನೆಲಕ್ಕೆ ಬಡಿಯಿತು.

ಇಳಿದು ಹೊರಗೆ ಬಂದವನ ಎದುರಿಗೆ, ಹೂಗುಚ್ಛ ಹಿಡಿದ ಒಬ್ಬ ಹೆಂಗಸು ಬಹುತೇಕ ಓಡುತ್ತಲೇ ಬಂದಳು. ಮೂವತ್ತೈದರ ಆಸುಪಾಸು, ಕತ್ತಿನಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ, ಹಣೆಯ ತುಂಬ ಬೆವರು.

"ಸಾರ್, ನೀವು ಇದೇ ಊರಿನವರಾ?"

"ಅಲ್ಲ."

"ಇಲಾಖೆಯವರಾ? ಪತ್ರಿಕೆಯವರಾ?"

"ಅಲ್ಲಮ್ಮ."

"ಹಾಗಾದ್ರೆ ಊರು ನೋಡೋಕೆ ಬಂದ್ರಾ?" ಎಂದು ಕೇಳುವಾಗ ಆಕೆಯ ದನಿಯಲ್ಲಿ ಎಂಥ ಆಸೆ ಇತ್ತೆಂದರೆ, ಎರಡು ದಿನ ನಿದ್ದೆಗೆಟ್ಟವಳಿಗೆ ಹಾಸಿಗೆ ಕಂಡಂತಿತ್ತು.

ತಂಗಿ ಮದುವೆಗೆ ಬಂದೆ ಅನ್ನಬೇಕಿತ್ತು. ಐವತ್ತಾರರ ತಂಗಿ, ಜೆರಾಕ್ಸಿನವನು, ಯಾರ ಎದುರಿಗೆ ಹೇಳುವುದು, ಯಾಕೆ ಹೇಳುವುದು? "ಹೂಂ, ಹೀಗೇ... ನೋಡ್ಕೊಂಡು ಹೋಗೋಣ ಅಂತ" ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಹೂಗುಚ್ಛ ಅವನ ಕೈಗೆ ಬಂತು. ಮಂತ್ರಿಗಳು ಭುಜದ ಮೇಲೆ ಕೈ ಹಾಕಿದರು. ಹದಿನೈದು ಕ್ಯಾಮೆರಾ ಮಿಂಚಿದವು. ಯಾರೋ ಮೈಕು ಮೂಗಿನ ಹತ್ತಿರ ತಂದು, "ಜಲಪಾತ ನೋಡೋ ಆಸೆ ತುಂಬ ದಿನದಿಂದ ಇತ್ತಾ ಸಾರ್?" ಎಂದು ಕೇಳಿದರು. ಮೆಕ್ಯಾನಿಕ್ "ಹೂಂ" ಎಂದ. ತಿರುಗಿ ನೋಡುವಷ್ಟರಲ್ಲಿ ಅವನ ಚೀಲ ಇಲಾಖೆಯ ಕಾರಿನಲ್ಲಿತ್ತು.

ಕಾರಿನಲ್ಲಿ ಅಧಿಕಾರಿಣಿ ಇದ್ದದ್ದನ್ನು ಇದ್ದಂತೆ ಹೇಳಿಕೊಂಡಳು. ಮೊದಲ ಪ್ರವಾಸಿಗಳೆಂದು ಇಲಾಖೆ ಗೊತ್ತು ಮಾಡಿದ್ದ ಕುಟುಂಬ ಕೊನೇ ಗಳಿಗೆಯಲ್ಲಿ ಕೈಯೆತ್ತಿತ್ತು; ಮಗುವಿಗೆ ಜ್ವರವಂತೆ. ವಿಮಾನದಲ್ಲಿ ಇದ್ದ ಹೊರಗಿನವನು ಇವನೊಬ್ಬನೇ. "ಆರು ತಿಂಗಳು ನೋಡ್ತಾರಂತೆ ಸಾರ್. ಪ್ರವಾಸಿಗರು ಬರದಿದ್ರೆ ವಿಮಾನ ನಿಲ್ಲಿಸ್ತಾರೆ. ವಿಮಾನ ನಿಂತ್ರೆ ನನ್ನ ಕೆಲಸಾನೂ ನಿಂತ ಹಾಗೇ, ನಾನಿನ್ನೂ ಕಾಯಂ ಆಗಿಲ್ಲ. ಮೊದಲ ಪ್ರವಾಸಿ ಎಲ್ಲೆಲ್ಲಿ ಹೋದ್ರು, ಏನು ಹೇಳಿದ್ರು, ಎಲ್ಲ ಫೋಟೋ ಸಮೇತ ನಾಳೆ ಸಂಜೆ ಮಂತ್ರಿಗಳಿಗೆ ಕಳಿಸ್ಬೇಕು. ನೀವು ಸಿಕ್ಕಿದ್ದು ನನ್ನ ಪುಣ್ಯ."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತಿದ್ದ ಇಲಾಖೆಯ ಫೋಟೋಗ್ರಾಫರ್ ಹಿಂದಕ್ಕೆ ತಿರುಗಿ, "ಸ್ವಲ್ಪ ನಗ್ತಾ ಇರಿ ಸಾರ್, ಪ್ರವಾಸಿಗರು ನಗ್ತಾರೆ" ಎಂದ.

ಜಲಪಾತ ನಿಜಕ್ಕೂ ಭಾರಿಯಾಗಿತ್ತು. ಮೆಕ್ಯಾನಿಕ್ಕನಿಗೆ ಅದರ ಸದ್ದಷ್ಟೇ ನೆನಪಿನಲ್ಲಿ ಉಳಿಯಿತು. ನೂರಾ ಎಂಬತ್ತು ಮೆಟ್ಟಿಲು ಇಳಿಸಿ, ಕೈ ಎತ್ತಿಸಿ, ಕೈ ಇಳಿಸಿ, ಬೆನ್ನು ತಿರುಗಿಸಿ ನಿಲ್ಲಿಸಿ ಫೋಟೋ ತೆಗೆದರು. ಅಲ್ಲಿಂದ ಕೋಟೆ. ಕೋಟೆಯಿಂದ ಹೊಸದಾಗಿ ಸುಣ್ಣ ಬಳಿದ ವಸ್ತುಸಂಗ್ರಹಾಲಯ. ಅಲ್ಲಿ ಕಾವಲುಗಾರನೊಬ್ಬ ಇವನನ್ನು ಕಂಡು ಗಾಬರಿಯಿಂದ ಎದ್ದು ದೀಪಗಳನ್ನು ಹಾಕಿದ. ಮೆಕ್ಯಾನಿಕ್ ಗಳಿಗೆಗೊಮ್ಮೆ ಜೇಬಿನ ಫೋನ್ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇನ್ನೊಂದು ಜಾಗ ಮುಗಿಯಲಿ, ಆಮೇಲೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಅವರು ಎಳೆದುಕೊಂಡು ಹೋದಷ್ಟೂ ಹೊತ್ತು ಅವನಿಗೆ ಒಳಗೊಳಗೇ ಸ್ವಲ್ಪ ಹಗುರವಾಗಿತ್ತು. ತಂಗಿಯ ಬಾಗಿಲು ತಟ್ಟುವ ಕೆಲಸ ಅಷ್ಟು ಮುಂದಕ್ಕೆ ಹೋಗುತ್ತಿತ್ತಲ್ಲ. ಹಾಗೆ ಅನಿಸಿದ್ದಕ್ಕೆ ಮೈ ಪರಚಿಕೊಳ್ಳುವಷ್ಟು ನಾಚಿಕೆಯೂ ಆಗುತ್ತಿತ್ತು.

ಐದು ಗಂಟೆಗೆ ಹೋಟೆಲಿನಲ್ಲಿ ಬಿಟ್ಟು "ರೆಸ್ಟ್ ತಗೊಳ್ಳಿ ಸಾರ್" ಎಂದು ಹೋದರು. ಅವನು ಮುಖ ತೊಳೆದವನೇ ಹೊರಟ. ಶಿಶುವಿಹಾರದ ಬೀದಿ ಅವನಿಗೆ ಗೊತ್ತಿತ್ತು. ತಂಗಿಯ ಗಂಡ ತೀರಿಕೊಂಡಾಗ ಹನ್ನೆರಡು ದಿನ ಇಲ್ಲೇ ಇದ್ದ. ಬೀದಿ ಅಷ್ಟೇನೂ ಬದಲಾಗಿರಲಿಲ್ಲ. ಅದೇ ಔಷಧಿ ಅಂಗಡಿ, ಅದೇ ಓರೆ ಕಂಬ, ಶಾಲೆಯ ಗೋಡೆ ಮೇಲೆ ಅದೇ ಬಣ್ಣ ಮಾಸಿದ ಆನೆ. ಶಾಲೆಯ ಎದುರಿಗೆ ಆ ಜೆರಾಕ್ಸ್ ಅಂಗಡಿ. ಅವನು ರಸ್ತೆಯ ಈಚೆ ಬಸ್ ಸ್ಟಾಪಿನ ನೆರಳಲ್ಲಿ ನಿಂತ.

ಅಂಗಡಿಯೊಳಗೆ ತಂಗಿ ಇದ್ದಳು. ಕೌಂಟರಿನ ಹಿಂದೆ ಮೊಣಕೈವರೆಗೆ ತೋಳು ಮಡಚಿಕೊಂಡು, ಯಂತ್ರದ ಬಾಯೊಳಗೆ ಕೈ ಹಾಕಿ ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದಳು. ಪಕ್ಕದಲ್ಲಿ ಬಕ್ಕತಲೆಯ, ಸಣಕಲು ಮನುಷ್ಯನೊಬ್ಬ ಎರಡೂ ಕೈ ಸೊಂಟದ ಮೇಲಿಟ್ಟು ಏನೋ ಬುದ್ಧಿ ಹೇಳುತ್ತಿದ್ದ. ಕಾಗದ ಪರ್ರೆಂದು ಹರಿದು ಅರ್ಧ ಅವಳ ಕೈಗೆ ಬಂತು. ಅವಳು ಅದನ್ನು ಅವನ ಬಕ್ಕತಲೆಯ ಮೇಲಿಟ್ಟು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬಗ್ಗಿ, ಕಣ್ಣೊರೆಸಿಕೊಂಡು ನಕ್ಕಳು.

ಮೆಕ್ಯಾನಿಕ್ ರಸ್ತೆ ದಾಟಲು ಒಂದು ಕಾಲು ಇಟ್ಟ. ದಾಟಿ ಏನು ಹೇಳುವುದು? ನಿನ್ನ ರೋಗ ಹೇಗಿದೆ ಅಂತಲೇ? ಬಸ್ಸೊಂದು ಬಂದು ಅಡ್ಡ ನಿಂತಿತು. ಅದು ಹೋಗುವ ಹೊತ್ತಿಗೆ ಅವನು ಬಂದ ದಾರಿಯಲ್ಲೇ ಅರ್ಧ ಬೀದಿ ಹಿಂದಕ್ಕೆ ನಡೆದಿದ್ದ. ನಾಳೆ ಹನ್ನೊಂದಕ್ಕೆ ಹೇಗೂ ಇದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೆಳಿಗ್ಗೆ ಆರೂವರೆಗೆ ಕೋಣೆಯ ಬಾಗಿಲಡಿಯಿಂದ ಪತ್ರಿಕೆ ಒಳಗೆ ಬಂತು. ಮೊದಲ ಪುಟದಲ್ಲಿ ಅವನೇ. ಕೈಯಲ್ಲಿ ಹೂಗುಚ್ಛ, ಹೆಗಲ ಮೇಲೆ ಮಂತ್ರಿಗಳ ಕೈ, ಮುಖದಲ್ಲಿ ಕಳ್ಳನ ನಗು. ಮೇಲೆ ದಪ್ಪ ಅಕ್ಷರದಲ್ಲಿ: ‘ಜಲಪಾತ ನೋಡಲೆಂದೇ ಬಂದೆ: ಮೊದಲ ಪ್ರವಾಸಿಯ ಸಂಭ್ರಮ’. ಕೆಳಗೆ: ‘ಈ ಊರಿನಲ್ಲಿ ನನಗೆ ಯಾರೂ ಪರಿಚಯವಿಲ್ಲ. ಇಲ್ಲಿನ ಪ್ರಕೃತಿಯೇ ನನ್ನನ್ನು ಕರೆಸಿಕೊಂಡಿತು ಎಂದು ಅವರು ಭಾವುಕರಾಗಿ ನುಡಿದರು.’

ಅವನು ಮಂಚದ ಮೇಲೆ ಕುಸಿದು ಕೂತ. ಯಾವ ಭಾವುಕ, ಯಾವಾಗ ನುಡಿದೆ? ಆದರೆ ‘ಹೂಂ’ ಅಂದದ್ದು ಅವನೇ ತಾನೇ. ಪತ್ರಿಕೆಯನ್ನು ಮಡಚಿ ದಿಂಬಿನಡಿ ಇಟ್ಟ, ಅಲ್ಲಿಟ್ಟರೆ ಊರಿನಲ್ಲಿ ಬೇರೆ ಯಾರೂ ಓದುವುದಿಲ್ಲ ಎಂಬಂತೆ. ಅಷ್ಟರಲ್ಲಿ ಫೋನ್ ಟಿಣ್ ಎಂದಿತು. ತಂಗಿ. ಎರಡೇ ಪದ: "ಜಲಪಾತ ಚೆನ್ನಾಗಿತ್ತಾ?"

ಹೆಬ್ಬೆರಳು ಅಕ್ಷರಗಳ ಮೇಲೆ ಆಡಿತು. ‘ಇಲ್ಲ ಕಣೇ’ ಎಂದು ಬರೆದ, ಅಳಿಸಿದ. ‘ನಿಜ ಏನೆಂದರೆ’ ಎಂದು ಬರೆದ, ಅಳಿಸಿದ. ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದ. ಈ ಸಲ ಎರಡು ರಿಂಗಿಗೇ ಕಟ್ ಮಾಡಿದಳು.

ಏಳೂವರೆಗೆ ಅಧಿಕಾರಿಣಿ ಬಾಗಿಲಲ್ಲಿ. "ಕೆರೆ ಒಂದು ಉಳಿದಿದೆ ಸಾರ್. ಹೊಸ ದೋಣಿ ತರಿಸಿದ್ದೀವಿ. ಅದೊಂದು ಫೋಟೋ ಇಲ್ಲದಿದ್ರೆ ನಮ್ಮ ನಿರ್ದೇಶಕರು ನನ್ನ ಚರ್ಮ ಸುಲಿತಾರೆ."

"ಹನ್ನೊಂದು ಗಂಟೆಗೆ ನನಗೆ ಊರೊಳಗೆ ಒಂದು ಕೆಲಸ ಇದೆ."

"ಹತ್ತೂವರೆಗೇ ಬಿಡ್ತೀನಿ. ನನ್ನ ಮಾತು."

ಆಕೆಯ ಮಾತು ಸುಳ್ಳಲ್ಲ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ದೋಣಿ ಕೆರೆಯ ನಟ್ಟನಡುವೆ ಇತ್ತು, ಫೋಟೋಗ್ರಾಫರ್ ನಾಲ್ಕು ಫೋಟೋ ಕ್ಲಿಕ್ಕಿಸಿದ್ದ, ಇನ್ನೇನು ತಿರುಗಬೇಕು. ಆಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ದೋಣಿಯವನು ಹಗ್ಗ ಎಳೆದ. ಮತ್ತೆ ಎಳೆದ. ಹತ್ತು ನಿಮಿಷ ಎಳೆದ. "ಹೊಸಾ ಎಂಜಿನ್ನು, ಇನ್ನೂ ಪಳಗಿಲ್ಲ" ಎಂದ. ದಡದಲ್ಲಿ ಇನ್ನೊಂದು ದೋಣಿ ಇರಲಿಲ್ಲ. ಹಳೆಯವನ್ನೆಲ್ಲ ಹೊಸದು ಬರುತ್ತದೆಂದು ಮಾರಿಬಿಟ್ಟಿದ್ದರು. ಅಧಿಕಾರಿಣಿ ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದಳು. ನೀರು ಅಲ್ಲಾಡದೆ ಬಿದ್ದಿತ್ತು. ಮೆಕ್ಯಾನಿಕ್ ಕೂತ, ಎದ್ದ, ದೋಣಿ ವಾಲಿತು, ಮತ್ತೆ ಕೂತ.

"ಸಾರ್, ಹಾಗೇ ದೂರ ನೋಡ್ತಾ ಇರಿ, ಚೆನ್ನಾಗಿ ಬರ್ತಿದೆ" ಎಂದ ಫೋಟೋಗ್ರಾಫರ್.

ಅಲ್ಲಿಗೆ ತಾಳ್ಮೆ ಕಿತ್ತುಹೋಯಿತು. "ನಿಮ್ಮ ಫೋಟೋ ಮನೆ ಹಾಳಾಗ! ಹನ್ನೊಂದು ಗಂಟೆಗೆ ನನ್ನ ತಂಗಿ ಮದುವೆ ಕಣ್ರೀ! ಸಾಕ್ಷಿ ಸಹಿ ನಾನು ಹಾಕ್ಬೇಕು. ನಾನು ಯಾವ ಜಲಪಾತ ನೋಡೋಕೂ ಬಂದವನಲ್ಲ!"

ಕೆರೆ ದೊಡ್ಡದು, ಆ ಮಾತು ಆಚೆ ದಡದವರೆಗೂ ಹೋಗಿರಬೇಕು. ಅಧಿಕಾರಿಣಿ ಕಕ್ಕಾಬಿಕ್ಕಿಯಾಗಿ ಫೋನ್ ಇಳಿಸಿದಳು. "ಅಯ್ಯೋ, ಮುಂಚೇನೇ ಹೇಳೋದಲ್ವಾ ಸಾರ್?"

"ಹೇಳೋಕೆ ಬಾಯಿ ಬರಲಿಲ್ಲ ತಾಯಿ."

"ಊರಲ್ಲಿ ತಂಗಿ ಇದಾರಾ? ಹಾಗಾದ್ರೆ ಈ ಹೊತ್ತಿನ ಪೇಪರು..." ಎಂದವಳು ಅಷ್ಟಕ್ಕೇ ನಿಲ್ಲಿಸಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಮೆಕ್ಯಾನಿಕ್ ದೋಣಿಯವನನ್ನು ಪಕ್ಕಕ್ಕೆ ಸರಿಸಿ ಎಂಜಿನ್ನಿನ ಮುಂದೆ ಮಂಡಿಯೂರಿದ. ಲಿಫ್ಟಿನ ಮೋಟಾರೇ ಬೇರೆ, ಇದೇ ಬೇರೆ. ಆದರೂ ಎಣ್ಣೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ಕೈ ತಾನಾಗಿ ಹುಡುಕಿತು. ಎಣ್ಣೆಯ ನಳಿಕೆ ಬಿಚ್ಚಿ ಬಾಯಿಟ್ಟು ಊದಿದ. ಕಸ. ಮತ್ತೆ ಊದಿದ. ಬಾಯೆಲ್ಲ ಪೆಟ್ರೋಲು. ಸೊಂಟದಲ್ಲಿ ಕತ್ತಿ ಆಡಿಸಿದಂತೆ ನೋವು. ನಳಿಕೆ ಶುದ್ಧವಾಗಿ, ಜೋಡಿಸಿ, ದೋಣಿಯವನು ಹಗ್ಗ ಎಳೆದು, ಎಂಜಿನ್ ಹಿಡಿಯುವ ಹೊತ್ತಿಗೆ ಹತ್ತೂ ಇಪ್ಪತ್ತು. ದಡ ಮುಟ್ಟಿದಾಗ ಹತ್ತೂ ನಲವತ್ತು. ಅಲ್ಲಿಂದ ಊರಿಗೆ ಗುಡ್ಡದ ದಾರಿ, ಒಂದು ಗಂಟೆ.

ಅಧಿಕಾರಿಣಿ ಡ್ರೈವರನನ್ನು ಎಬ್ಬಿಸಿ ತಾನೇ ಸ್ಟೀರಿಂಗ್ ಹಿಡಿದಳು. ಮಂತ್ರಿಗಳ ಭೇಟಿಗೆಂದು ರಸ್ತೆಗೆ ಹೊಸ ಡಾಂಬರು ಹಾಕಿದ್ದು ಅರ್ಧಕ್ಕೇ ನಿಂತಿತ್ತು. ಉಳಿದರ್ಧದಲ್ಲಿ ಕಾರು ಕುಣಿಯಿತು. ಮೆಕ್ಯಾನಿಕ್ ಮೂರು ಸಲ ಫೋನ್ ಮಾಡಿದ. ಸ್ವಿಚ್ ಆಫ್. "ಸಹಿ ಹಾಕೋಕೆ ಮುಂಚೆ ಎಲ್ಲಾರೂ ಆಫ್ ಮಾಡ್ತಾರೆ ಸಾರ್, ಕಚೇರಿ ನಿಯಮ" ಎಂದು ಆಕೆ ಸಮಾಧಾನ ಹೇಳಿದಳು. ಅಂಥ ನಿಯಮ ಇತ್ತೋ ಇಲ್ಲವೋ. ಅವನು ಎಣ್ಣೆಗೈಗಳನ್ನು ಕರವಸ್ತ್ರದಲ್ಲಿ ತಿಕ್ಕಿದ. ಕರವಸ್ತ್ರ ಕಪ್ಪಾಯಿತು, ಕೈ ಹಾಗೇ ಇತ್ತು.

ನೋಂದಣಿ ಕಚೇರಿ ನಾಲ್ಕನೇ ಮಹಡಿ. ಲಿಫ್ಟಿನ ಮುಂದೆ ಆರೇಳು ಜನ ನಿಂತಿದ್ದರು. ಅದು ಮೇಲಿನಿಂದ ಇಳಿಯುವ ಸದ್ದು ಕೇಳಿದವನಿಗೆ ಬ್ರೇಕು ಉಜ್ಜುತ್ತಿದೆ, ಇದು ಇಳಿದು ಹತ್ತುವಷ್ಟರಲ್ಲಿ ಹೊತ್ತು ಮುಳುಗುತ್ತದೆ ಎಂದು ಗೊತ್ತಾಯಿತು. ಮೆಟ್ಟಿಲು ಹಿಡಿದ. ಎರಡನೇ ಮಹಡಿಗೆ ಉಸಿರು ನಿಂತಿತು, ಮೂರಕ್ಕೆ ಸೊಂಟ. ಕಂಬಿ ಹಿಡಿದು, ಒಂದೊಂದೇ ಕಾಲು ಎತ್ತಿಟ್ಟು ಮೇಲೆ ಬಂದಾಗ ಗೋಡೆ ಗಡಿಯಾರದಲ್ಲಿ ಹನ್ನೊಂದೂ ಐವತ್ತು.

ಉದ್ದ ವರಾಂಡ. ಕೊನೆಯ ಬೆಂಚಿನ ಮೇಲೆ ತಂಗಿ ಒಬ್ಬಳೇ ಕೂತಿದ್ದಳು. ತಿಳಿ ಹಸಿರು ಸೀರೆ, ಮಡಿಲಲ್ಲಿ ಕೈಚೀಲ. ಅವನನ್ನು ನೋಡಿದಳು. ಏಳಲಿಲ್ಲ.

"ಕೆರೆ ನೋಡಿ ಆಯ್ತಾ?"

ಅವನು ಗೋಡೆಗೆ ಕೈ ಕೊಟ್ಟು ನಿಂತ.

"ಮುಗೀತು ಅಣ್ಣ. ಈಗ ಸರ್ಟಿಫಿಕೇಟ್ ಟೈಪ್ ಮಾಡ್ತಿದಾರೆ."

"ಸಾಕ್ಷಿ?"

"ನಮ್ಮ ಶಾಲೆ ಟೀಚರ್‌ಗಳು ಇಬ್ಬರು. ಮೂರನೇದು ನಿನಗೆ ಅಂತ ಇಟ್ಟಿದ್ದೆ. ಪೇಪರ್ ನೋಡಿದ ಮೇಲೂ ಇಟ್ಟಿದ್ದೆ, ನನ್ನ ಹುಚ್ಚು. ಹನ್ನೊಂದೂ ಇಪ್ಪತ್ತರವರೆಗೆ ಸಾಹೇಬರನ್ನ ಹಿಡಿದು ಕೂರಿಸಿದೆ. ಆಮೇಲೆ ಅವರು ಗಡಿಯಾರ ನೋಡೋಕೆ ಶುರು ಮಾಡಿದ್ರು. ಇಲ್ಲಿಯ ಜವಾನರ ಹತ್ರ ಹಾಕಿಸ್ದೆ. ಒಳ್ಳೆಯವರು, ಕೇಳಿದ ತಕ್ಷಣ ಪೆನ್ ತೆಗೆದ್ರು."

ಮೆಕ್ಯಾನಿಕ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ವಿಮಾನದಲ್ಲಿ ಹೊರಳಿಸಿದ ಮಾತುಗಳಲ್ಲಿ ಒಂದೂ ಒದಗಲಿಲ್ಲ. ಇದ್ದದ್ದನ್ನೇ ಹೇಳಿದ. ವಿಮಾನ ನಿಲ್ದಾಣದಲ್ಲಿ ಬಾಯಿ ಬಾರದ್ದು, ‘ಹೂಂ’ ಅಂದದ್ದು, ದೋಣಿ ನಿಂತದ್ದು. "ನಿನ್ನೆ ಸಂಜೆ ಅಂಗಡಿ ತನಕ ಬಂದಿದ್ದೆ. ನೀನು ಮಿಷನ್ನಿಗೆ ಕೈ ಹಾಕಿದ್ದೆ. ಕಾಗದ ಹರೀತು, ನೀನು ನಕ್ಕೆ. ರಸ್ತೆ ದಾಟೋಕೆ ಆಗಲಿಲ್ಲ."

"ಯಾಕೆ?"

"ನಾನು ಬಂದ್ರೆ ಆ ನಗು ನಿಂತುಹೋಗುತ್ತೆ ಅನ್ನಿಸ್ತು."

ತಂಗಿ ಕೈಚೀಲದ ಜಿಪ್ಪನ್ನು ಎಳೆಯುತ್ತಾ ಹಾಕುತ್ತಾ ಇದ್ದಳು. ಆ ಗುಣ ಇಬ್ಬರಿಗೂ ಒಂದೇ. "ಸಹಿ ಹಾಕೋಕೆ ಬಂದ್ಯೋ, ಬೈಯೋಕೆ ಬಂದ್ಯೋ?"

"ವಿಮಾನ ಹತ್ತೋವಾಗ ಗೊತ್ತಿರಲಿಲ್ಲ. ಕೆರೆ ಮಧ್ಯದಲ್ಲಿ ಗೊತ್ತಾಯ್ತು."

"ಬಂದೆ, ಅಷ್ಟು ಸಾಕು ಅಂತ ನಾನು ಹೇಳಲ್ಲ ಅಣ್ಣ. ಸಾಕಾಗಲ್ಲ. ಎಂಟು ತಿಂಗಳು ಒಂದು ಫೋನ್ ಮಾಡಲಿಲ್ಲ ನೀನು. ಅಪ್ಪ ಹೋದಾಗ ನನ್ನ ಸಾಕಿದವನು ನೀನು. ನೀನೇ ರೋಗ ಅಂದುಬಿಟ್ರೆ ನಾನು ಯಾರ ಹತ್ರ ಹೋಗ್ಲಿ?"

"ತಪ್ಪಾಯ್ತು ಚೋಟು."

"ಆಯ್ತು, ಗೊತ್ತಿದೆ ಆದದ್ದು." ಅವಳು ಅವನ ಕೈ ನೋಡಿ ಮುಖ ಕಿವುಚಿದಳು. "ಇದೇನು ಗತಿ? ಹೋಗಿ ತೊಳ್ಕೊ. ಅಲ್ಲಿ ನಲ್ಲಿ ಇದೆ, ಸೋಪು ಇಲ್ಲ."

ಕೈ ತೊಳೆದು ಬರುವಷ್ಟರಲ್ಲಿ ಅಧಿಕಾರಿಣಿಯೂ ಫೋಟೋಗ್ರಾಫರನೂ ಮೇಲೆ ಬಂದಿದ್ದರು. ಆಕೆ ತಂಗಿಯ ಎದುರು ನಿಂತು, ತಪ್ಪೆಲ್ಲ ನಮ್ಮದೇ ಮೇಡಂ, ನಾವೇ ಅವರನ್ನ ಬಿಡಲಿಲ್ಲ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದಳು. ತಂಗಿ, "ಇಪ್ಪತ್ತಾರು ವರ್ಷ ಈ ಊರಲ್ಲಿದ್ದೀನಿ. ನನ್ನನ್ನ ಒಂದು ದಿನಾನೂ ಯಾರೂ ಕಾರಲ್ಲಿ ಕರ್ಕೊಂಡು ಹೋಗಿ ಜಲಪಾತ ತೋರಿಸಲಿಲ್ಲ. ಇವನಿಗೆ ಒಂದೇ ದಿನದಲ್ಲಿ ಎಲ್ಲ ಆಯ್ತು" ಎಂದಳು. ಬೈಗುಳವೋ ತಮಾಷೆಯೋ ಗೊತ್ತಾಗದೆ ಅಧಿಕಾರಿಣಿ ನಗಲೂ ಇಲ್ಲ, ಅಳಲೂ ಇಲ್ಲ.

ಅಷ್ಟರಲ್ಲಿ ಲಿಫ್ಟಿನಿಂದ ಬಕ್ಕತಲೆ ಹೊರಬಂತು. ಕೈಯಲ್ಲಿ ಕಾಗದದ ಕಂತೆ. ಗುರುತಿನ ಚೀಟಿಗಳ ನಕಲು ಮೂರು ಪ್ರತಿ ಬೇಕೆಂದು ಕಚೇರಿಯವರು ಕೇಳಿದ್ದರು. ಹನ್ನೆರಡು ವರ್ಷದಿಂದ ಊರಿಗೆಲ್ಲ ನಕಲು ತೆಗೆದುಕೊಟ್ಟವನು ತನ್ನದನ್ನೇ ಮರೆತು ಬಂದಿದ್ದ. "ಕೆಳಗಿನ ಅಂಗಡಿಯವನು ನನ್ನ ಮುಖ ನೋಡಿ ನೋಡಿ ನಕ್ಕ. ಅವನ ಮಿಷನ್ ನಮ್ಮದಕ್ಕಿಂತ ಚೆನ್ನಾಗಿದೆ, ಅದು ಬೇರೆ ಹೊಟ್ಟೆ ಉರಿ" ಎನ್ನುತ್ತಾ ಬಂದವನು ಮೆಕ್ಯಾನಿಕ್ಕನನ್ನು ಕಂಡು ನಿಂತ. ಇಬ್ಬರಿಗೂ ಕೈ ಎಲ್ಲಿಡಬೇಕು ಎಂದು ತಿಳಿಯಲಿಲ್ಲ.

"ಬನ್ನಿ ಭಾವ" ಎಂದ ಜೆರಾಕ್ಸಿನವನು, ಕಚೇರಿಯೇ ತನ್ನ ಮನೆ ಎಂಬಂತೆ. "ಊಟ ಆಗಿಲ್ಲ ತಾನೇ? ನಮಗೂ ಆಗಿಲ್ಲ."

ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ. ಅಧಿಕಾರಿಣಿ ಅವನ ಕೈ ತಡೆದಳು. "ಬೇಡ, ಇದು ಇಲಾಖೆಗಲ್ಲ."

"ಗೊತ್ತು ಮೇಡಂ. ಇವರಿಗೆ. ಮದುವೆ ಫೋಟೋ ತೆಗೆಯೋಕೆ ಯಾರೂ ಬಂದಿಲ್ಲ ಅಲ್ವಾ?" ಎಂದ ಅವನು. ಯಾರೂ ಬಂದಿರಲಿಲ್ಲ. ಬಾಗಿಲ ಹತ್ತಿರ ಬೆಳಕು ಚೆನ್ನಾಗಿತ್ತು. ಟೀಚರ್‌ಗಳಿಬ್ಬರನ್ನೂ ಜವಾನರನ್ನೂ ಒಳಗಿನಿಂದ ಕರೆದರು. ಯಾರಿಗೂ ನಗಲು ಹೇಳಲಿಲ್ಲ ಅವನು.

ಹಿಂದಿರುಗುವ ವಿಮಾನ ಅಂದೇ ಮೂರೂ ನಲವತ್ತಕ್ಕೆ. ಮೆಕ್ಯಾನಿಕ್ ಅದನ್ನು ಹತ್ತಲಿಲ್ಲ. ಉಳಿ ಎಂದು ತಂಗಿ ಹೇಳಲಿಲ್ಲ. ಹೊರಡು ಎಂದೂ ಹೇಳಲಿಲ್ಲ. ಊಟದ ನಡುವೆ ಜೆರಾಕ್ಸಿನವನೇ, "ಮಂಗಳವಾರವೂ ವಿಮಾನ ಇದೆಯಲ್ಲ ಭಾವ" ಎಂದ. ಅಧಿಕಾರಿಣಿ ಕೂಡಲೇ ಎದ್ದು ಹೋಗಿ ಫೋನಿನಲ್ಲಿ ಟಿಕೆಟ್ ಬದಲಾಯಿಸಿ ಬಂದಳು. ಸಂಜೆ ಕಳಿಸಬೇಕಾದ ವರದಿಯಲ್ಲಿ ಏನು ಬರೆಯುವುದೆಂದು ಪೇಚಾಡಿ, ಕೊನೆಗೆ ಸುಳ್ಳಿಲ್ಲದ ಒಂದು ಸಾಲು ಬರೆದಳಂತೆ: ‘ಎರಡು ದಿನಕ್ಕೆಂದು ಬಂದ ಮೊದಲ ಪ್ರವಾಸಿ ತಮ್ಮ ವಾಸ್ತವ್ಯವನ್ನು ನಾಲ್ಕು ದಿನ ಮುಂದುವರಿಸಿದ್ದಾರೆ.’ ಮಂತ್ರಿಗಳು ಅದನ್ನೇ ಹಿಡಿದು ಭಾಷಣ ಮಾಡಿದರು. ಈ ಊರಿಗೆ ಒಮ್ಮೆ ಬಂದವರಿಗೆ ಬಿಟ್ಟುಹೋಗಲು ಮನಸ್ಸೇ ಬರುವುದಿಲ್ಲ ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಆಕೆಯ ಕೆಲಸ ಅಷ್ಟರಿಂದಲೇ ಕಾಯಂ ಆಗಲಿಲ್ಲ, ಆದರೆ ನಿರ್ದೇಶಕರು ಮೊದಲ ಸಲ ‘ಪರವಾಗಿಲ್ಲ’ ಎಂದರು.

ಆ ನಾಲ್ಕು ದಿನ ಸುಲಭವಾಗೇನೂ ಕಳೆಯಲಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಹಳೆಯ ಮಾತು ಮತ್ತೆ ಎದ್ದು, ತಂಗಿ ತಟ್ಟೆ ಬಿಟ್ಟು ಎದ್ದುಹೋದಳು. ಸೋಮವಾರ ಅವಳು ಶಾಲೆಗೆ ಹೋದ ಮೇಲೆ ಗಂಡಸರಿಬ್ಬರೂ ಅಂಗಡಿಯಲ್ಲಿ ಕೂತು, ಏನು ಮಾತಾಡುವುದೆಂದು ತಿಳಿಯದೆ, ಯಂತ್ರ ಬಿಚ್ಚಿದರು. ಕಾಗದ ಎಳೆಯುವ ಉರುಳೆ ಸವೆದಿತ್ತು. ಮೆಕ್ಯಾನಿಕ್ ಅದನ್ನು ಸ್ಪಿರಿಟ್ಟಿನಲ್ಲಿ ತಿಕ್ಕಿ ಜೋಡಿಸಿದ. ಜೆರಾಕ್ಸಿನವನು ಹತ್ತಿರ ಬಗ್ಗಿ ನೋಡುತ್ತಾ ಇದ್ದವನು ಇದ್ದಕ್ಕಿದ್ದಂತೆ, "ಜವಾನರು ಸಹಿ ಹಾಕೋವಾಗ ಅವಳು ಕಿಟಕಿ ಕಡೆ ತಿರುಗಿ ನಿಂತಿದ್ಲು ಭಾವ. ನಿಮಗೆ ಹೇಳಬಾರದು ಅಂದ್ಕೊಂಡಿದ್ದೆ" ಎಂದ.

"ಆ ಸಹಿ ಬದಲಾಯಿಸೋಕೆ ಆಗಲ್ವಾ? ಏನಾದರೂ ಅರ್ಜಿ ಗಿರ್ಜಿ?"

"ಕೇಳ್ದೆ. ಆಗಲ್ವಂತೆ."

ಮೆಕ್ಯಾನಿಕ್ ತಲೆಯಾಡಿಸಿ ಮುಚ್ಚಳದ ತಿರುಪು ಬಿಗಿದ. ಒಂದು ತಿರುಪು ಕೈಜಾರಿ ಕೌಂಟರಿನ ಕೆಳಗೆ ಉರುಳಿತು. ಇಬ್ಬರೂ ಬಗ್ಗಿ ಹುಡುಕಿದರು. ಸಿಗಲಿಲ್ಲ.

ಮಂಗಳವಾರ ತಂಗಿ ಅರ್ಧ ದಿನ ರಜೆ ಹಾಕಿ ವಿಮಾನ ನಿಲ್ದಾಣಕ್ಕೆ ಬಂದಳು. ಹತ್ತುವವರು ಎಲ್ಲ ಸೇರಿ ಏಳು ಜನ. ಅವಳು ಕಬ್ಬಿಣದ ತಡೆಯ ಈಚೆ ನಿಂತು, "ಹೋದ ತಕ್ಷಣ ಫೋನ್ ಮಾಡು. ಮೆಸೇಜ್ ಅಲ್ಲ, ಫೋನ್" ಎಂದಳು. "ಅತ್ತಿಗೆಗೂ ಕೊಡು."

"ಮಾಡ್ತೀನಿ. ನೀವಿಬ್ಬರೂ ಬನ್ನಿ ಒಂದು ಸಲ."

"ನೋಡೋಣ" ಎಂದಳು ತಂಗಿ. ಬರುತ್ತೇನೆ ಎನ್ನಲಿಲ್ಲ. ತಪಾಸಣೆಯವನು ಮುಂದೆ ಹೋಗಿ ಎಂದು ಅವಸರ ಮಾಡಿದ. ಮೆಕ್ಯಾನಿಕ್ ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಎತ್ತಿಕೊಂಡು ಒಳಗೆ ನಡೆದ. ಏಣಿ ಹತ್ತಿ, ಕಿಟಕಿ ಪಕ್ಕ ಕೂತು, ಬೆಲ್ಟು ಬಿಗಿದುಕೊಂಡ. ಗಾಜಿಗೆ ಹಣೆ ಹಚ್ಚಿ ಹುಡುಕಿದರೆ ತಡೆಯ ಹತ್ತಿರ ನಿಂತವರೆಲ್ಲ ಒಂದೇ ಥರ ಕಾಣುತ್ತಿದ್ದರು. ಅವಳಿನ್ನೂ ಅಲ್ಲೇ ಇದ್ದಾಳೋ ಹೊರಟುಹೋದಳೋ ಅವನಿಗೆ ಗೊತ್ತಾಗಲಿಲ್ಲ. ವಿಮಾನ ತಿರುಗುವವರೆಗೂ ಅವನು ಕೈ ಬೀಸುತ್ತಲೇ ಇದ್ದ.